ಮಾಳಿಗೆಯ ಮೇಲೆ ಹಂದಿಯ ಪಕ್ಕೆಲುಬು: ಹೊಗೆ ಕಹಿಯಾದದ್ದೇಕೆ?

ಮಾಳಿಗೆಮನೆ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಕಳೆದ ರವಿವಾರ ನಮ್ಮ ಮನೆಯ ಮಾಳಿಗೆಯ ಮೇಲೆ ಹಂದಿಯ ಪಕ್ಕೆಲುಬನ್ನು ಹೊಗೆಯಲ್ಲಿ ಬೇಯಿಸಲು ಹೋಗಿ ಪೂರ್ತಿ ಸೋತಿದ್ದೇನೆ. ಎಲ್ಲಿ ತಪ್ಪಿದೆನೆಂದು ತಿಳಿದವರು ಹೇಳಲಿ ಎಂಬ ಆಸೆಯಿಂದ ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಹಳೆಯ 200 ಲೀಟರಿನ ಕಬ್ಬಿಣದ ಡ್ರಮ್ಮೊಂದನ್ನು ವೆಲ್ಡಿಂಗ್ ಅಂಗಡಿಗೆ ಕೊಟ್ಟು, ಬುಡದಲ್ಲಿ ಗಾಳಿಗೆಂದು ಮೂರು ತೂತು, ಮುಚ್ಚಳದಲ್ಲಿ ಒಂದು ತೂತು, ಒಳಗೆ ಮಾಂಸವಿಡಲು ಸರಳಿನ ಜಾಲರಿ ಮಾಡಿಸಿದ್ದೆ. ಎರಡು ಕೆ.ಜಿ. ಪಕ್ಕೆಲುಬು ತಂದೆ, ಅಂಗಡಿಯವರು ಸಾರಿಗೆ ಕೊಚ್ಚುವಂತೆ ಎರಡೆರಡು ಅಂಗುಲದ ತುಂಡು ಮಾಡಿ ಕೊಟ್ಟಿದ್ದರು. ಉಪ್ಪು, ಖಾರ, ಬೆಲ್ಲದ ಪುಡಿ, ಬೆಳ್ಳುಳ್ಳಿ ಸವರಿ, ಹಿತ್ತಲಲ್ಲಿ ಆ ವಾರವಷ್ಟೇ ಕಡಿದಿದ್ದ ಜಾಲಿಯ ಕೊಂಬೆಗಳಿಗೆ ಸೀಮೆಎಣ್ಣೆ ಹಾಕಿ ಬೆಂಕಿ ಹೊತ್ತಿಸಿದೆ. ಉರಿ ಎದ್ದೊಡನೆ ಹೆದರಿ ಬುಡದ ತೂತುಗಳನ್ನೂ ಮುಚ್ಚಳದ ತೂತನ್ನೂ ಮುಚ್ಚಿದೆ. ಆಮೇಲೆ ಎದ್ದ ಹೊಗೆಯನ್ನು ಕಂಡು ನೆರೆಮನೆಯವರು ಏನು ಸುಡುತ್ತಿದ್ದೀರಿ ಎಂದು ಕೂಗಿ ಕೇಳಿದರು. ಅಷ್ಟು ಬಿಳಿ, ಅಷ್ಟು ದಟ್ಟ. ಹೊಗೆ ಹೆಚ್ಚಿದ್ದಷ್ಟೂ ರುಚಿ ಹೆಚ್ಚೆಂದು ನಾನು ಸಂತೋಷಪಟ್ಟಿದ್ದೆ. ಎರಡೂವರೆ ಗಂಟೆಯ ನಂತರ ತೆಗೆದು ನೋಡಿದರೆ ಹೊರಗೆ ಡಾಂಬರಿನಂಥ ಕರಿ ಲೇಪ, ಒಳಗೆ ಜಗಿದಷ್ಟೂ ಮುಗಿಯದ ರಬ್ಬರು. ನಾಲಿಗೆ ಜೋಮು ಹಿಡಿಯಿತು. ನಮ್ಮ ಮನೆಯವರು ಉಳಿದುದನ್ನು ಬಿಸಿನೀರಿನಲ್ಲಿ ತೊಳೆದು ಸಾರು ಮಾಡಿದರು. ಸಾರಿಗೂ ಅದೇ ಕಹಿ ಹತ್ತಿತ್ತು.

ಕೆಂಡಕಾಯುವವ (ಬೀದರ್):

ಅಣ್ಣಾವರೇ, ನೀವು ಬೆಂಕಿಯ ಉಸಿರು ಕಟ್ಟಿಸಿದ್ದೀರಿ. ಕಹಿ, ಜೋಮು, ಕರಿ ಲೇಪ ಮೂರೂ ಅಲ್ಲಿಂದಲೇ ಬಂದವು. ಹಸಿ ಕಟ್ಟಿಗೆಯಲ್ಲಿ ನೀರು ತುಂಬಿರುತ್ತದೆ. ಆ ನೀರು ಆವಿಯಾಗುವವರೆಗೆ ಕಟ್ಟಿಗೆ ಉರಿಯದೆ ಕಮರುತ್ತದೆ, ಅದರ ಮೇಲೆ ನೀವು ಗಾಳಿಯನ್ನೂ ತಡೆದಿರಿ. ಹಾಗೆ ಅರ್ಧಂಬರ್ಧ ಸುಟ್ಟ ಕಟ್ಟಿಗೆಯ ಬಿಳಿ ಹೊಗೆಯಲ್ಲಿ, ಹಳೆಯ ಅಡುಗೆಮನೆಯ ಹೊಗೆಗೂಡಿನೊಳಗೆ ಅಂಟಿಕೊಳ್ಳುವ ಕರಿ ಜಿಗಟು ಇರುತ್ತದಲ್ಲ, ಅದೇ ವಸ್ತು ಇರುತ್ತದೆ. ನಿಮ್ಮ ಮಾಂಸಕ್ಕೆ ಬಳಿದುಕೊಂಡದ್ದು ಅದೇ. ಸೀಮೆಎಣ್ಣೆಯ ಮಾತನ್ನು ನಾನು ಬೆಳೆಸುವುದಿಲ್ಲ. ಅದನ್ನು ಇನ್ನು ಮುಂದೆ ಡ್ರಮ್ಮಿನ ಹತ್ತಿರವೂ ತರಬೇಡಿ.

ಬೇಯಿಸುವ ಕೆಲಸವನ್ನು ಇದ್ದಿಲಿಗೆ ಬಿಡಿ. ಕಟ್ಟಿಗೆ ವಾಸನೆಗೆ ಮಾತ್ರ ಇರಲಿ. ಡ್ರಮ್ಮಿನ ಬುಡದಲ್ಲಿ ತಂತಿಯ ಬುಟ್ಟಿಯೊಂದನ್ನಿಟ್ಟು ಅದರ ತುಂಬ ಹೊತ್ತಿಸದ ಇದ್ದಿಲು ಸುರಿಯಿರಿ. ಬೇರೆ ಒಂದು ಶೇಗಡಿಯಲ್ಲಿ ಹತ್ತು ಹನ್ನೆರಡು ತುಂಡು ಇದ್ದಿಲನ್ನು ಮೈಮೇಲೆ ಬೂದಿ ಬರುವ ತನಕ ಕಾಯಿಸಿ, ಆ ಕೆಂಡವನ್ನು ಬುಟ್ಟಿಯ ಮೇಲೆ ನಡುವೆ ಇಡಿ. ಬೆಂಕಿ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ನನ್ನ ಡ್ರಮ್ಮಿನಲ್ಲಿ ಸುಮಾರು 4 ಕೆ.ಜಿ. ಇದ್ದಿಲು ಆರು ಗಂಟೆ ಬರುತ್ತದೆ. ಮುಚ್ಚಳದ ತೂತು ಯಾವಾಗಲೂ ಪೂರ್ತಿ ತೆರೆದಿರಲಿ, ಕಾವನ್ನು ಬುಡದ ತೂತುಗಳಿಂದಲೇ ಹಿಡಿಯಿರಿ. ಒಣಗಿದ ಕಟ್ಟಿಗೆಯ ಮುಷ್ಟಿಗಾತ್ರದ ಎರಡು ಮೂರು ತುಂಡು ಇಡೀ ದಿನಕ್ಕೆ ಸಾಕು. ಹೊಗೆ ಕಂಡೂ ಕಾಣದಂತೆ, ಬಿಸಿಲಿಗೆ ಹಿಡಿದರೆ ತುಸು ನೀಲಿಯಾಗಿ ಹೊರಟಾಗ ಮಾಂಸವಿಡಿ, ಅದಕ್ಕೆ ಮೊದಲು ಬೇಡ. ಮೈ ತಣ್ಣಗೆ, ತೇವವಾಗಿ ಇರುವಾಗಲೇ ಮಾಂಸ ಹೊಗೆಯನ್ನು ಚೆನ್ನಾಗಿ ಹಿಡಿಯುವುದರಿಂದ ಮೊದಲ ಎರಡು ಮೂರು ಗಂಟೆಯ ನಂತರ ಹೊಸ ಕಟ್ಟಿಗೆ ಹಾಕುವ ಅಗತ್ಯವೇ ಇಲ್ಲ.

ಇನ್ನು ರಬ್ಬರಿನ ವಿಷಯ. ಪಕ್ಕೆಲುಬುಗಳ ನಡುವಿನ ಸ್ನಾಯು ಪ್ರಾಣಿ ಉಸಿರಾಡುವ ಪ್ರತಿ ಸಲವೂ ದುಡಿಯುವಂಥದು, ಆದ್ದರಿಂದ ಅದರಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಬಹಳ. ಮಾಂಸದ ಒಳಗಾವು 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷ ನಿಂತರೆ ತಿನ್ನಲು ಸುರಕ್ಷಿತವೆಂದು ಅಮೆರಿಕದ ಕೃಷಿ ಇಲಾಖೆ 2011ರಿಂದ ಹೇಳುತ್ತಿದೆ, ಆದರೆ ಆ ಹಂತದಲ್ಲಿ ಪಕ್ಕೆಲುಬನ್ನು ಕಚ್ಚಲಾಗುವುದಿಲ್ಲ. 70 ಡಿಗ್ರಿ ದಾಟಿದ ಮೇಲೆ ಆ ನಾರು ಮೆಲ್ಲಗೆ ಕರಗಿ ಜೆಲಟಿನ್ ಆಗತೊಡಗುತ್ತದೆ. ಒಳಗೆ 90ರಿಂದ 95 ಡಿಗ್ರಿ ಬರುವ ಹೊತ್ತಿಗೆ ಮಾಂಸ ಮೃದುವಾಗಿರುತ್ತದೆ. ಅವಸರದಿಂದ ಉರಿ ಹೆಚ್ಚಿಸಿದರೆ ನಾರು ಕರಗುವ ಮೊದಲೇ ನೀರೆಲ್ಲ ಆರಿಹೋಗುತ್ತದೆ. ಡ್ರಮ್ಮಿನ ಕಾವನ್ನು 107ರಿಂದ 121 ಡಿಗ್ರಿಯೊಳಗೆ ಇಟ್ಟು ಐದಾರು ಗಂಟೆ ಕಾಯುವುದಕ್ಕೆ ಕಾರಣ ಇದೇ. ನಡುವೆ ಒಳಗಾವು 65–75ರ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಏರದೆ ನಿಂತುಬಿಡುತ್ತದೆ. ನಮ್ಮ ಮೈ ಬೆವರಿ ತಂಪಾಗುವಂತೆಯೇ ಮಾಂಸದ ಮೇಲಿನ ನೀರು ಆವಿಯಾಗಿ ಅದನ್ನು ತಂಪಾಗಿಸುತ್ತಿರುತ್ತದೆ. ಆಗ ಗಾಬರಿಯಾಗಿ ಇದ್ದಿಲು ಸುರಿಯಬೇಡಿ.

ಅಂದಹಾಗೆ, ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಲು ಹೋಗಬೇಡಿ. ಹೊಸದನ್ನು ತಂದರೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಿ, ಆದರೆ ಅದು 100 ತೋರಿಸದಿದ್ದರೆ ಅಂಗಡಿಯವನೊಡನೆ ಜಗಳಕ್ಕೆ ಹೋಗಬೇಡಿ. ನಮ್ಮ ಬೀದರ್ ಎತ್ತರದ ಊರಾದ್ದರಿಂದ ನೀರು 98ರ ಸುತ್ತ ಕುದಿಯುತ್ತದೆ, ಕಲಬುರಗಿಯಲ್ಲಿ ಅದಕ್ಕಿಂತ ಅರ್ಧ ಡಿಗ್ರಿ ಹೆಚ್ಚು. ನಾನು ಇದೇ ಕಾರಣಕ್ಕೆ ಒಳ್ಳೆಯ ಥರ್ಮಾಮೀಟರೊಂದನ್ನು ಹಿಂತಿರುಗಿಸಿ ಬಂದವನು.

ಜಾಲಿಮುಳ್ಳು (ಯಾದಗಿರಿ):

ಕಟ್ಟಿಗೆಯ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಹಳ್ಳದ ದಂಡೆ, ಪಾಳುಹೊಲ, ರಸ್ತೆಯ ಬದಿಗಳಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿ ಈ ನೆಲದ ಗಿಡವಲ್ಲ, ಅಮೆರಿಕ ಖಂಡಗಳಿಂದ ಬಂದದ್ದು. ಟೆಕ್ಸಾಸಿನವರು ಮಾಂಸ ಸುಡಲು ಬಳಸುವ ಮೆಸ್ಕೀಟ್ ಮರದ ಹತ್ತಿರದ ಬಂಧು ಅದು. ನಾವು ಶಾಪ ಹಾಕುತ್ತಾ ಕಡಿದು ಇದ್ದಿಲು ಸುಡುವ ಈ ಗಿಡದ ಸೋದರನನ್ನು ಅಲ್ಲಿ ತುಂಡು ಮಾಡಿ ಚೀಲದಲ್ಲಿ ತುಂಬಿ ಮಾರುತ್ತಾರೆ. ಅದರ ಇದ್ದಿಲು ಗಟ್ಟಿ, ಕಾವು ಜೋರು, ಬಹಳ ಹೊತ್ತು ಬರುತ್ತದೆ. ಆದರೆ ಕಟ್ಟಿಗೆಯ ಹೊಗೆ ಖಡಕ್ಕಾದದ್ದು. ಬೇಗ ಬೇಯುವ ಮಾಂಸಕ್ಕೆ ಸರಿ, ಆರು ಗಂಟೆಯ ಪಕ್ಕೆಲುಬಿಗೆ ಪೂರ್ತಿ ಅದನ್ನೇ ಹಾಕಿದರೆ ಒಣಗಿದ್ದರೂ ಕಹಿ ಬರುತ್ತದೆ. ಆದ್ದರಿಂದ ಇದ್ದಿಲು ಜಾಲಿಯದಿರಲಿ, ಹೊಗೆಗೆ ಮಾವು ಅಥವಾ ಪೇರಲ ಇರಲಿ. ಪೇರಲದ ಹೊಗೆ ಹಂದಿಮಾಂಸಕ್ಕೆ ಎಷ್ಟು ಹೊಂದುತ್ತದೆಂದರೆ ನಾನು ನಮ್ಮ ತೋಟದ ಗಿಡ ಸವರಿದಾಗ ಬಿದ್ದ ಬೆರಳುಗಾತ್ರದ ಕಡ್ಡಿಯನ್ನೂ ಎತ್ತಿಡುತ್ತೇನೆ. ಯಾವುದೇ ಆಗಲಿ, ಸೀಳಿ, ಮಳೆ ತಾಗದ ಕಡೆ ಆರು ತಿಂಗಳು ಒಣಗಿಸಿದ್ದಾಗಿರಬೇಕು.

ಬಳಸಬಾರದ ಕಟ್ಟಿಗೆಗಳೂ ಇವೆ. ಬೇವು ಕಹಿ. ನೀಲಗಿರಿಯಲ್ಲಿ ಎಣ್ಣೆ. ಕಣಗಿಲೆ ವಿಷ, ಅದರ ಕಡ್ಡಿಯನ್ನು ಮಾಂಸ ಚುಚ್ಚಲೂ ಬಳಸಬಾರದು. ವಾಡಿ, ಶಹಾಬಾದ್ ಕಡೆಯವರು ರೈಲುಹಳಿಯ ಹಳೆಯ ಮರದ ಸ್ಲೀಪರುಗಳನ್ನು ಉರುವಲೆಂದು ತರುವುದುಂಟು. ಕೊಳೆಯದಿರಲೆಂದು ಅವಕ್ಕೆ ಟಾರಿನ ಎಣ್ಣೆ ಕುಡಿಸಿರುತ್ತಾರೆ, ಅದರ ಹೊಗೆ ಅಡುಗೆಗೆ ಸಲ್ಲದು. ಬಣ್ಣ ಬಳಿದ ಬಾಗಿಲು, ಪ್ಲೈವುಡ್ಡೂ ಹಾಗೆಯೇ. ತೊಗರಿ ಕಟ್ಟಿಗೆಯ ಬಗ್ಗೆ ಬಹಳ ಜನ ಕೇಳುತ್ತಾರೆ, ನಮ್ಮಲ್ಲಿ ಅದಕ್ಕೇನು ಬರವಿಲ್ಲವಲ್ಲ. ಅದು ಹುಲ್ಲಿನಂತೆ ಭಗ್ಗೆಂದು ಉರಿದು ಹತ್ತು ನಿಮಿಷದಲ್ಲಿ ಬೂದಿಯಾಗುತ್ತದೆ. ಅಲ್ಲದೆ ಕಾಯಿಕೊರಕದ ಹುಳಕ್ಕೆಂದು ಆ ಬೆಳೆಗೆ ಎಷ್ಟು ಸಲ ಔಷಧಿ ಹೊಡೆದಿರುತ್ತೇವೆಂಬುದು ನಮಗೇ ಗೊತ್ತು. ಶೇಗಡಿ ಹೊತ್ತಿಸಲು ಸಾಕು, ಮಾಂಸದ ಕೆಳಗೆ ಬೇಡ. ಕಟ್ಟಿಗೆಯನ್ನು ನೀರಿನಲ್ಲಿ ನೆನೆಸುವುದೂ ವ್ಯರ್ಥ. ನೀರು ಒಳಗೆ ಇಳಿಯುವುದೇ ಇಲ್ಲ, ಮೇಲಿನದು ಆವಿಯಾಗಿ ಕೆಂಡವನ್ನು ತಣ್ಣಗಾಗಿಸುತ್ತದೆ ಅಷ್ಟೆ.

ಮಾಳಿಗೆಮನೆ (ಕಲಬುರಗಿ):

ನಮ್ಮ ಓಣಿಯ ಇಸ್ತ್ರಿ ಅಂಗಡಿಯವರು ಇದ್ದಿಲು ಕೊಡುತ್ತೇನೆನ್ನುತ್ತಾರೆ. ಅದು ನಡೆಯುತ್ತದೆಯೇ? ಡ್ರಮ್ಮಿನ ಬದಲು ಮಾಳಿಗೆಯ ಮೂಲೆಯಲ್ಲಿ ಫರಸಿ ಕಲ್ಲಿನಿಂದಲೇ ಒಂದು ಗೂಡು ಕಟ್ಟಿದರೆ ಹೇಗೆ? ಮನೆ ಕಟ್ಟಿದಾಗಿನ ಕಲ್ಲು ಬಹಳ ಉಳಿದಿದೆ.

ಗಣಿಧೂಳು (ಶಹಾಬಾದ್):

ಫರಸಿಯ ಗೂಡು ಖಂಡಿತ ಬೇಡ. ನಮ್ಮ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರ ಪದರವಾಗಿ ಇರುವಂಥದು. ನೆಲಕ್ಕೆ ಹಾಸಲು ಅದಕ್ಕೆ ಸಮನಿಲ್ಲ, ಆದರೆ ಕೆಂಡ ತಾಗಿದರೆ ಪದರಗಳ ನಡುವಿನ ತೇವ ಆವಿಯಾಗಿ ಕಲ್ಲು ಸಿಡಿಯುತ್ತದೆ. ಚಿಕ್ಕವರಿದ್ದಾಗ ಮೂರು ಫರಸಿ ಚೂರು ನಿಲ್ಲಿಸಿ ಒಲೆ ಹೂಡಿ, ಪಟಾಕಿ ಹೊಡೆದಂತಾಗಿ ಓಡಿದವರು ನಾವು. ಗೂಡು ಬೇಕೇ ಬೇಕೆಂದರೆ ಸುಟ್ಟ ಇಟ್ಟಿಗೆಯಲ್ಲಿ, ಸಿಮೆಂಟು ಹಾಕದೆ ಕೆಂಪು ಮಣ್ಣಿನಲ್ಲಿ ಕಟ್ಟಿರಿ, ಕೆಳಗೆ ನಾಲ್ಕು ಅಂಗುಲ ಉಸುಕು ಹಾಸಿರಿ, ಇಲ್ಲದಿದ್ದರೆ ಮಾಳಿಗೆಯ ಕಾಂಕ್ರೀಟಿಗೂ ಅದೇ ಗತಿ.

ಇಸ್ತ್ರಿಯವರ ಇದ್ದಿಲು ಮರದ್ದಾದರೆ ನಡೆಯುತ್ತದೆ, ಕಲ್ಲಿದ್ದಲಾದರೆ ಇಲ್ಲ. ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ನೀವು ಹೇಳಲಿಲ್ಲ. ಔಷಧಿ, ರಾಸಾಯನಿಕ ತುಂಬಿದ್ದರೆ ಅದನ್ನು ಗುಜರಿಗೆ ಹಾಕಿರಿ. ಅಡುಗೆ ಎಣ್ಣೆಯದ್ದಾದರೂ ಒಳಗಿನ ಲೇಪ, ಹೊರಗಿನ ಬಣ್ಣ ಸುಟ್ಟುಹೋಗುವಂತೆ ಒಮ್ಮೆ ಜೋರು ಬೆಂಕಿ ಹಾಕಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಸವರಿಡಿ. ಜಾಲರಿಗೆ ಸತುವಿನ ಲೇಪದ ತಂತಿ ಬಳಸಬಾರದು, ಜೋರು ಕಾವಿಗೆ ಅದರಿಂದ ಕೆಟ್ಟ ಹೊಗೆ ಬರುತ್ತದೆ.

ಎರಡುಸೀಟಿ (ಸೇಡಂ):

ಇಷ್ಟೆಲ್ಲ ಏಕೆಂದು ನನಗೆ ಅರ್ಥವಾಗಲಿಲ್ಲ. ನಾನು ಪಕ್ಕೆಲುಬನ್ನು ಕುಕ್ಕರಿನಲ್ಲಿ ಸ್ವಲ್ಪ ನೀರು, ಅರಿಸಿನ, ಉಪ್ಪು ಹಾಕಿ ಬೇಯಿಸಿಕೊಂಡು, ಮಸಾಲೆ ಸವರಿ ಕೆಂಡದ ಮೇಲೆ ಹತ್ತು ನಿಮಿಷ ಹಿಡಿಯುತ್ತೇನೆ. ಮಾಂಸ ಎಲುಬಿನಿಂದ ತಾನೇ ಬಿಡುತ್ತದೆ. ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ ಆರು ಗಂಟೆ ಡ್ರಮ್ಮಿನ ಮುಂದೆ ಕೂಡುವವರು ಯಾರು?

ಕೆಂಡಕಾಯುವವ (ಬೀದರ್):

ಅಕ್ಕಾವರೇ, ನಿಮ್ಮ ಅಡುಗೆಯನ್ನು ನಾನು ಹಳಿಯುವುದಿಲ್ಲ. ಕುಕ್ಕರಿನೊಳಗಿನ ಕಾವು 120 ಡಿಗ್ರಿಯ ಹತ್ತಿರ ಹೋಗುವುದರಿಂದ, ನನಗೆ ಆರು ಗಂಟೆ ಹಿಡಿಯುವ ನಾರು ಕರಗಿಸುವ ಕೆಲಸ ನಿಮ್ಮಲ್ಲಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಮುಗಿಯುತ್ತದೆ. ಆದರೆ ಬೆಂದು ಮೈ ಬಿಗಿದ ಮಾಂಸ ಹೊಗೆಯನ್ನು ಹೀರುವುದು ಬಹಳ ಕಡಿಮೆ, ರುಚಿಯ ಒಂದು ಪಾಲು ಕುಕ್ಕರಿನ ನೀರಿಗೂ ಹೋಗಿರುತ್ತದೆ. ಆ ನೀರನ್ನು ನೀವು ಸಾರು ಮಾಡುತ್ತೀರೆಂದು ಗೊತ್ತು, ಅಲ್ಲಿಗೆ ಲೆಕ್ಕ ಸರಿಹೋಯಿತು. ಇನ್ನೊಂದು ಭೇದವಿದೆ. ಸ್ಪರ್ಧೆಗೆ ಅಡುಗೆ ಮಾಡುವ ಅಮೆರಿಕದವರು ಮಾಂಸ ತಾನಾಗಿ ಕಳಚಿ ಬಿದ್ದರೆ ಹೆಚ್ಚು ಬೆಂದಿತೆನ್ನುತ್ತಾರೆ. ಕಚ್ಚಿದಷ್ಟೇ ಬಿಟ್ಟು, ಉಳಿದುದು ಎಲುಬಿಗೆ ಹಿಡಿದಿರಬೇಕು. ನಮ್ಮ ಮನೆಯ ಹಿರಿಯರಿಗೆ ಮಾತ್ರ ಕಳಚಿ ಬೀಳುವುದೇ ಇಷ್ಟ, ಹಲ್ಲಿನ ಕಾರಣಕ್ಕೆ. ಮೇ ತಿಂಗಳ ಮಾತು ನಿಜ. ನಾನು ದೀಪಾವಳಿಯಿಂದ ಶಿವರಾತ್ರಿಯ ತನಕ ಮಾತ್ರ ಡ್ರಮ್ ತೆಗೆಯುತ್ತೇನೆ.

ದನದಡಾಕ್ಟರ್ (ಹುಮನಾಬಾದ್):

ಯಾರೂ ಮಾಂಸ ಕೊಳ್ಳುವ ಬಗ್ಗೆ ಬರೆಯದ ಕಾರಣ ನಾನು ಬರೆಯಬೇಕಾಯಿತು. ಬಯಲಿನಲ್ಲಿ ತಿರುಗಿ ಹೊಲಸು ತಿನ್ನುವ ಹಂದಿಗಳ ಮಾಂಸದಲ್ಲಿ ಲಾಡಿಹುಳದ ಗುಳ್ಳೆಗಳು ಇರುವ ಸಂಭವ ಹೆಚ್ಚು. ಸ್ನಾಯುವಿನ ನಡುವೆ ನೆನೆದ ಅಕ್ಕಿಯಂಥ ಬಿಳಿ, ನೀರು ತುಂಬಿದ ಗುಳ್ಳೆ ಕಂಡರೆ ಆ ಮಾಂಸವನ್ನು ಮುಟ್ಟಬೇಡಿ. ಅರೆಬೆಂದ ಇಂಥ ಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳ ಬೆಳೆಯುತ್ತದೆ. ಆ ಹುಳವಿದ್ದವರ ಮಲದಲ್ಲಿ ಹೊರಬರುವ ಮೊಟ್ಟೆಗಳು ಕೊಳೆಯಾದ ಕೈ, ನೀರು, ಹಸಿ ತರಕಾರಿಯ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ ಗುಳ್ಳೆಗಳು ಮಿದುಳಿನಲ್ಲಿಯೂ ಆಗಿ ಮೂರ್ಛೆರೋಗ ಬರಬಹುದು. ಹಂದಿ ಮುಟ್ಟದವರಿಗೂ ಆ ರೋಗ ಬರುವುದು ಹೀಗೆ. ಕಟ್ಟಿ ಮೇಯಿಸಿದ ಫಾರ್ಮಿನ ಹಂದಿಯನ್ನೇ ಕೇಳಿ ಕೊಳ್ಳಿರಿ. ನಿಮ್ಮ ಹಾಗೆ ಒಳಗಾವು 90 ದಾಟಿಸುವವರಿಗೆ ಗುಳ್ಳೆಯ ಭಯವಿಲ್ಲ, ಭಯವಿರುವುದು ಹಸಿ ಮಾಂಸ ಕತ್ತರಿಸಿದ ಹಲಗೆಯಲ್ಲೇ ಉಳ್ಳಾಗಡ್ಡಿ ಹೆಚ್ಚುವವರಿಗೆ.

ಇನ್ನೆರಡು ಮಾತು. ಬೆಳಗ್ಗೆ ಕೊಯ್ದ ಮಾಂಸ ಕೆಲವು ಗಂಟೆ ಸೆಟೆದುಕೊಂಡಿರುತ್ತದೆ, ಆಗಲೇ ಒಲೆಗಿಟ್ಟರೆ ಬಿರುಸು. ಒಂದು ದಿನ ಫ್ರಿಜ್ಜಿನಲ್ಲಿಟ್ಟರೆ ಸೆಡವು ಬಿಡುತ್ತದೆ. ಮಸಾಲೆ ಸವರಿದ ಹಸಿ ಮಾಂಸವನ್ನು ನಮ್ಮ ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬೆಂದ ಮೇಲೆ ಹೊರ ಅಂಚಿನಲ್ಲಿ ಗುಲಾಬಿ ಬಣ್ಣದ ಪಟ್ಟಿ ಕಂಡರೆ ಹಸಿಯೆಂದು ತಿಳಿಯಬೇಡಿ, ಹೊಗೆಯ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್ ಮಾಂಸದ ಬಣ್ಣವನ್ನು ಹಿಡಿದಿಟ್ಟಿರುತ್ತವೆ. ಅದೇ ಕಾರ್ಬನ್ ಮೊನಾಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ; ಮಳೆ ಬಂತೆಂದು ಡ್ರಮ್ಮನ್ನು ಮನೆಯೊಳಗೆ ಎಳೆದುಕೊಂಡೀರಿ, ಜೋಕೆ.

ಜೋನಿಬೆಲ್ಲ (ಭಾಲ್ಕಿ):

ಅಂಗಡಿಗೆ ಹಿಂದಿನ ದಿನವೇ ಹೇಳಿ, ಪಕ್ಕೆಲುಬನ್ನು ಕೊಚ್ಚದೆ ಅಖಂಡ ಪಟ್ಟಿಯಾಗಿ, ತೊಗಲು ತೆಗೆಸಿ ತನ್ನಿರಿ. ಬೆನ್ನುಮೂಳೆಯ ಹತ್ತಿರದ ಪಟ್ಟಿ ಚಿಕ್ಕದು, ಬೇಗ ಬೇಯುತ್ತದೆ. ಹೊಟ್ಟೆಯ ಕಡೆಯದು ಅಗಲ, ಕೊಬ್ಬು ಹೆಚ್ಚು, ನನಗೆ ಅದೇ ಮೇಲು. ಒಳಮೈಗೆ ಅಂಟಿದ ತೆಳು ಪೊರೆಯ ಕೆಳಗೆ ಚಮಚದ ತುದಿ ತೂರಿಸಿ, ಬಟ್ಟೆಯಿಂದ ಹಿಡಿದು ಎಳೆದರೆ ಒಂದೇ ಸಲಕ್ಕೆ ಬರುತ್ತದೆ. ಅದು ಉಳಿದರೆ ಉಪ್ಪು ಒಳಗಿಳಿಯುವುದಿಲ್ಲ, ತಿನ್ನುವಾಗ ಕಾಗದದಂತೆ ಹಲ್ಲಿಗೆ ಸಿಕ್ಕುತ್ತದೆ.

ಉಪ್ಪನ್ನು ತೂಕ ಮಾಡಿ ಹಾಕುತ್ತೇನೆ, ಕೆ.ಜಿ.ಗೆ 10 ಗ್ರಾಂ, ಹಿಂದಿನ ರಾತ್ರಿಯೇ. ಬೆಳಗ್ಗೆ ಬ್ಯಾಡಗಿ ಮೆಣಸಿನಕಾಯಿ ಪುಡಿ, ಜೀರಿಗೆ, ಕರಿಮೆಣಸು, ಒಣ ಬೆಳ್ಳುಳ್ಳಿ ಪುಡಿ ಸವರುತ್ತೇನೆ. ಬ್ಯಾಡಗಿ ಬಣ್ಣ ಕೊಡುತ್ತದೆ, ಬಾಯಿ ಸುಡುವುದಿಲ್ಲ. ಮೆಂಫಿಸ್ ನಗರದವರು ಹೀಗೆ ಒಣ ಮಸಾಲೆಗೇ ನಿಲ್ಲಿಸುವುದುಂಟು, ಕ್ಯಾನ್ಸಸ್ ಸಿಟಿಯವರು ಟೊಮೆಟೊ ಮತ್ತು ಕಾಕಂಬಿಯ ಸಿಹಿ ಲೇಪ ಬಳಿಯುತ್ತಾರೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ತಿನ್ನುವಂಥದಲ್ಲ, ನಮ್ಮಲ್ಲಿ ಅದಕ್ಕೆ ಬದಲು ಜೋನಿ ಬೆಲ್ಲವಿದೆ. ಹುಣಸೆ ರಸ, ಜೋನಿ ಬೆಲ್ಲ, ಬೆಳ್ಳುಳ್ಳಿ, ಕೆಂಪು ಖಾರ ಕುದಿಸಿ ಮಂದ ಮಾಡಿಟ್ಟುಕೊಳ್ಳುತ್ತೇನೆ. ಆದರೆ ಬೆಲ್ಲ ಬಿಳಿ ಸಕ್ಕರೆಗಿಂತ ಬೇಗ ಕಪ್ಪಾಗುವುದರಿಂದ ಈ ಲೇಪ ಕಡೆಯ ಅರ್ಧ ಗಂಟೆಗೆ ಮಾತ್ರ. ಮಾಳಿಗೆಮನೆಯವರು ಮೊದಲೇ ಬೆಲ್ಲ ಸವರಿ ಉರಿಯ ಮೇಲಿಟ್ಟಿದ್ದೂ ಕಹಿಯ ಒಂದು ಕಾರಣ. ನಡುವಿನ ಎರಡು ಗಂಟೆ ಫಾಯಿಲಿನಲ್ಲಿ ಸುತ್ತುವವರು ಹುಳಿಯನ್ನು ಅದರೊಳಗೆ ಹಾಕಬಾರದು, ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಾನು ಮೊದಲು ಬಾಳೆ ಎಲೆ, ಅದರ ಮೇಲೆ ಫಾಯಿಲು ಸುತ್ತುತ್ತೇನೆ.

ಮಾಳಿಗೆಮನೆ (ಕಲಬುರಗಿ):

ಎಲ್ಲರ ಮಾತನ್ನೂ ಚೀಟಿಯಲ್ಲಿ ಬರೆದುಕೊಂಡು ಈ ರವಿವಾರ ಮತ್ತೆ ಕುಳಿತೆ. ನೆರೆಯವರು ಮಾಂಸ ತಿನ್ನುವವರಲ್ಲವಾದ್ದರಿಂದ ಹಿಂದಿನ ದಿನವೇ ಹೋಗಿ ಹೇಳಿ, ಅವರ ಬಟ್ಟೆ ಒಣಗುವ ತಂತಿಯಿಂದ ದೂರದ ಮೂಲೆಗೆ ಡ್ರಮ್ ಸರಿಸಿದ್ದೆ. ಡ್ರಮ್ಮಿನಲ್ಲಿ ಮೊದಲಿದ್ದದ್ದು ಶೇಂಗಾ ಎಣ್ಣೆಯೆಂದು ಮಾರಿದವರನ್ನು ಕೇಳಿ ಖಚಿತಪಡಿಸಿಕೊಂಡು, ಒಮ್ಮೆ ಸುಟ್ಟು ಉಜ್ಜಿದೆ. ಬೆಳಗ್ಗೆ ಏಳಕ್ಕೆ ಕೆಂಡ, ಎಂಟಕ್ಕೆ ಮಾಂಸ. ಒಂದೂವರೆ ಕೆ.ಜಿ.ಯ ಒಂದೇ ಪಟ್ಟಿ, ಮಾವಿನ ಎರಡು ತುಂಡು. ಮೊದಲ ಗಂಟೆ ಕಾವು 140ಕ್ಕೆ ಏರಿ ನನ್ನ ಕೈ ನಡುಗಿತು. ಎರಡು ತೂತು ಪೂರ್ತಿ, ಮೂರನೆಯದನ್ನು ಅರ್ಧ ಮುಚ್ಚಿದ ಇಪ್ಪತ್ತು ನಿಮಿಷಕ್ಕೆ 115ಕ್ಕೆ ಇಳಿದು ಅಲ್ಲೇ ನಿಂತಿತು. ಹೊಗೆ ಬರುತ್ತಿದೆಯೋ ಇಲ್ಲವೋ ಎಂದು ಎರಡು ಸಲ ಮುಚ್ಚಳ ಎತ್ತಿದ್ದು ತಪ್ಪೆಂದು ಕಾವು ಬಿದ್ದಾಗ ಗೊತ್ತಾಯಿತು. ಹನ್ನೊಂದಕ್ಕೆ ಬಾಳೆ ಎಲೆಯಲ್ಲಿ ಸುತ್ತಿದೆ, ಒಂದಕ್ಕೆ ಬಿಚ್ಚಿದೆ, ಒಂದೂವರೆಗೆ ಲೇಪ ಬಳಿದೆ. ಎರಡು ಗಂಟೆಗೆ ಇಕ್ಕಳದಿಂದ ಪಟ್ಟಿಯ ಒಂದು ತುದಿ ಹಿಡಿದೆತ್ತಿದರೆ ಇನ್ನೊಂದು ತುದಿ ಬಾಗಿ ಮೇಲ್ಮೈ ಬಿರುಕು ಬಿಟ್ಟಿತು, ಎಲುಬಿನ ತುದಿಗಳು ಅರ್ಧ ಅಂಗುಲ ಹೊರಗೆ ಕಾಣುತ್ತಿದ್ದವು.

ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿಯೊಡನೆ ತಿಂದೆವು. ನಮ್ಮ ಮನೆಯವರು ಏನೂ ಹೇಳಲಿಲ್ಲ, ಮೂರನೆಯ ಎಲುಬಿಗೆ ಕೈ ಹಾಕಿದರು. ಒಂದೇ ಕೊರತೆ ಉಳಿದಿದೆ: ಪಟ್ಟಿಯ ಒಂದು ಪಕ್ಕದಲ್ಲಿ ಬೆಲ್ಲ ಕರಿದಾಗಿತ್ತು, ಇನ್ನೊಂದು ಪಕ್ಕ ಸರಿಯಿತ್ತು.

ಕೆಂಡಕಾಯುವವ (ಬೀದರ್):

ಅಣ್ಣಾವರೇ, ತೆರೆದಿಟ್ಟ ಅರ್ಧ ತೂತು ಯಾವ ಪಕ್ಕದಲ್ಲಿತ್ತು ನೋಡಿ. ಗಾಳಿ ಅಲ್ಲಿಂದ ಬಂದು ಕೆಂಡ ಆ ಕಡೆಗೇ ಹೆಚ್ಚು ಕೆಂಪಗಾಗಿರುತ್ತದೆ. ಲೇಪ ಬಳಿಯುವ ಹೊತ್ತಿಗೆ ಪಟ್ಟಿಯನ್ನು ಎತ್ತದೆ ಜಾಲರಿಯನ್ನೇ ಅರ್ಧ ಸುತ್ತು ತಿರುಗಿಸಿರಿ. ವೆಲ್ಡಿಂಗ್ ಅಂಗಡಿಗೆ ಮತ್ತೆ ಹೋದಾಗ ಜಾಲರಿಗೆ ಎರಡು ಹಿಡಿ ಹಾಕಿಸಿಕೊಂಡರೆ ಕೈ ಸುಡುವುದಿಲ್ಲ.